ಆಮ್‌ಸ್ಟರ್‌ಡ್ಯಾಮಿನ ಡಿನ್ನರ್ ಕ್ರೂಸ್: ದುಡ್ಡು ಕಟ್ಟುವ ಮುಂಚೆ ಇದನ್ನೊಂದು ಓದಿ

ಬೇಸಿಗೆಯಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಹೊರಟಿರೋರು, ಕಾಲುವೆ ಮೇಲೆ ತೇಲ್ತಾ ಊಟ ಮಾಡಬೇಕು ಅಂತ ಆಸೆ ಇಟ್ಟುಕೊಂಡಿರೋರು, ಸ್ವಲ್ಪ ತಡೀರಿ. ನಾವು ಇಬ್ಬರಿಗೆ 178 ಯೂರೋ ತೆತ್ತು ಬಂದಿದ್ದೀವಿ. ಸಿಕ್ಕಿದ್ದು ಎರಡು ಗಂಟೆ ವಿಹಾರವೂ ಅಲ್ಲ, ಹೊಟ್ಟೆ ತುಂಬ ಊಟವೂ ಅಲ್ಲ. ಫೋಟೋದಲ್ಲಿದ್ದ ದೀಪಗಳಂತೂ ಕೇಳಲೇಬೇಡಿ.

ದೀಪದ ವಿಷಯವನ್ನೇ ಮೊದಲು ಹೇಳ್ತೀನಿ, ಯಾಕಂದ್ರೆ ಟೋಪಿ ಬಿದ್ದಿದ್ದೇ ಅಲ್ಲಿ. ಬುಕಿಂಗ್ ಪುಟದ ತುಂಬ ಮಾಗೆರೆ ಬ್ರುಗ್ ಸೇತುವೆಯ ಚಿತ್ರ. ಆಮ್‌ಸ್ಟೆಲ್ ನದಿ ಮೇಲಿನ ಆ ಬಿಳಿ ಮರದ ಸೇತುವೆಗೆ ಸಾಲು ಸಾಲು ಬಲ್ಬು, ಕೆಳಗೆ ಕಪ್ಪು ನೀರಲ್ಲಿ ಅದರ ನೆರಳು. ನಮ್ಮ ಬೋಟಿನ ಹೊತ್ತು ಸಂಜೆ 7ರಿಂದ 9. ತಿಂಗಳು ಜೂನ್. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗೋದೇ ರಾತ್ರಿ 10ರ ಹೊತ್ತಿಗೆ! 9 ಗಂಟೆಗೆ ಪೇಪರ್ ಓದುವಷ್ಟು ಬೆಳಕಿರುತ್ತೆ. ಸೇತುವೆಯ ಬಲ್ಬು ಹತ್ತುವ ಹೊತ್ತಿಗೆ ಬೋಟಿನವರು ಮೇಜು ಒರೆಸಿ ಮನೆ ಸೇರಿರ್ತಾರೆ. ಇದು ಅವರಿಗೆ ಗೊತ್ತಿಲ್ವಾ? ಜೂನ್ ಪ್ರತಿ ವರ್ಷ ಬರುತ್ತೆ. ಕೇಳಿದ್ದಕ್ಕೆ ಬಂದ ಉತ್ತರ: "ಚಿತ್ರಗಳು ಕೇವಲ ಮಾದರಿಗಾಗಿ." ಅಷ್ಟೇ. ಒಂದು ಸಾಲು.

ಅದೇ 7 ಗಂಟೆಯ ಬೋಟು ಡಿಸೆಂಬರ್‌ನಲ್ಲಾದ್ರೆ ದೀಪ ಸಿಗುತ್ತೆ, ಆಗ ನಾಲ್ಕೂವರೆ ಹೊತ್ತಿಗೇ ಸೂರ್ಯ ಮುಳುಗಿಬಿಡುತ್ತೆ. ಆದರೆ ಚಳಿಗಾಲದ್ದು ಬೇರೆ ಗೋಳು. ಮುಚ್ಚಿದ ಗಾಜಿನ ಚಾವಣಿ, ಒಳಗೆ ಬಿಸಿ ಊಟ, ಹತ್ತಾರು ಜನರ ಉಸಿರು. ಗಾಜಿಗೆಲ್ಲ ಹಬೆ ಕೂತುಬಿಡುತ್ತೆ. ಅದರ ಜೊತೆಗೆ ಒಳಗಿನ ಲೈಟು ಜೋರಾಗಿದ್ರೆ ಹೊರಗಿನ ಊರಿನ ಬದಲು ಗಾಜಲ್ಲಿ ನಿಮ್ಮ ಮುಖಾನೇ ಕಾಣೋದು. ಲೈಟು ತಗ್ಗಿಸ್ತಾರಾ, ಗಾಜು ಸರಿಸಬಹುದಾ ಅಂತ ಮೊದಲೇ ಕೇಳಿ.

ಈಗ ಆ "ಎರಡು ಗಂಟೆ". 7ಕ್ಕೆ ಹತ್ತಿಸಿಕೊಂಡರು. ಪಟ್ಟಿಯಲ್ಲಿ ಹೆಸರು ಹುಡುಕಿದ್ದು, ಸೀಟು ತೋರಿಸಿದ್ದು, ಕುಡಿಯೋಕೇನು ಅಂತ ಬರೆದುಕೊಂಡಿದ್ದು, ಸೂಪು ಬಡಿಸಿದ್ದು, ಎಲ್ಲ ದಡಕ್ಕೆ ಕಟ್ಟಿದ ಬೋಟಿನಲ್ಲೇ. ಹಗ್ಗ ಬಿಚ್ಚಿದ್ದು 7:38ಕ್ಕೆ. ಹೊರಟ ಮೇಲೆ ಬೋಟು ಓಡೋದೂ ಇಲ್ಲ, ಕಾಲುವೆಗಳಲ್ಲಿ ವೇಗದ ಮಿತಿ ಗಂಟೆಗೆ 6 ಕಿ.ಮೀ., ಅಂದ್ರೆ ಚುರುಕಾಗಿ ನಡೆಯೋರ ವೇಗ. ಆ ಮಿತಿ ಸರಿಯಾದದ್ದೇ, ಅದರ ಮೇಲೆ ಸಿಟ್ಟಿಲ್ಲ. ಆದರೆ ಲೆಕ್ಕ ಹಾಕಿ: ದಡದಲ್ಲಿ ಕಳೆದ ಪ್ರತಿ 10 ನಿಮಿಷಕ್ಕೆ ಒಂದು ಕಿ.ಮೀ. ಕಾಲುವೆ ಕೈಬಿಟ್ಟ ಹಾಗೆ.

8:50ಕ್ಕೆ ಸಿಹಿ ತಂದಿಟ್ಟರು. ಚಮಚ ಕೈಗೆತ್ತಿಕೊಂಡಾಗ ಮೋಟಾರಿನ ಗುಂಯ್ ಸದ್ದು ನಿಂತಿತ್ತು. ಯಾವುದೋ ಸೇತುವೆ ಕೆಳಗೆ ಬೇರೆ ಬೋಟಿಗೆ ದಾರಿ ಬಿಡ್ತಿದ್ದಾರೆ ಅಂದ್ಕೊಂಡು ಹೊರಗೆ ನೋಡಿದ್ರೆ, ಹತ್ತುವಾಗ ಕಂಡ ಅದೇ ಹಸಿರು ಸೈಕಲ್ಲು, ಸೀಟಿಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದು, ಅದೇ ಕಂಬಕ್ಕೆ ಒರಗಿಕೊಂಡಿದೆ. ವಾಪಸ್ ಕಟ್ಟೆಗೆ ತಂದು ಕಟ್ಟಿಹಾಕಿ ಸಿಹಿ ತಿನ್ನಿಸ್ತಿದ್ದಾರೆ! ನಾಚಿಕೆಯಾಯ್ತು. ಎದುರು ಕೂತಿದ್ದ ಅಪರಿಚಿತರೂ ಆ ಸೈಕಲ್ಲನ್ನೇ ನೋಡ್ತಿದ್ದರು. ಯಾರೂ ಮಾತಾಡಲಿಲ್ಲ. ಸಿಬ್ಬಂದಿಯನ್ನು ಕೇಳಿದ್ರೆ ನಗುನಗ್ತಾನೇ ಅಂದರು, "ಬೋಟಿನ ಮೇಲೆ ಇರೋ ಸಮಯ ಎರಡು ಗಂಟೆ. ನೀವಿನ್ನೂ ಬೋಟಿನ ಮೇಲೇ ಇದ್ದೀರಲ್ಲ." ಹೌದು, ಇದ್ದೀವಿ. ತೇಲ್ತಾ ಇದ್ದೀವಿ ಕೂಡ, ಹಗ್ಗ ಕಟ್ಟಿಸಿಕೊಂಡು.

ಸಾಗಿದ ಆ 72 ನಿಮಿಷದಲ್ಲೂ ಅರ್ಧ ಹೋಗಿದ್ದು ಸೆಂಟ್ರಲ್ ಸ್ಟೇಷನ್ ಹಿಂದಿನ 'ಐ' ಅನ್ನೋ ಅಗಲವಾದ ನೀರಿನಲ್ಲಿ. ಅಲ್ಲಿ ದೋಣಿಗಳಿವೆ, ಎತ್ತರದ ಹೊಸ ಕಟ್ಟಡಗಳಿವೆ, ನೋಡೋಕೆ ಚೆನ್ನಾಗೇ ಇದೆ, ಆದರೆ ಅದು ಕಾಲುವೆ ಅಲ್ಲ. ಜನ ದುಡ್ಡು ಕೊಡೋದು ಹೇರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್ ಅನ್ನೋ ಕಾಲುವೆಗಳಿಗೆ. 17ನೇ ಶತಮಾನದ ಆ ಕಾಲುವೆ ವರ್ತುಲವೇ 2010ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ್ದು. ಪುಟದಲ್ಲಿ ಬರೆದಿದ್ದು "ಆಮ್‌ಸ್ಟರ್‌ಡ್ಯಾಮಿನ ಜಲಮಾರ್ಗಗಳು" ಅಂತ. ಆ ಪದವನ್ನು ಬೇಕಂತಲೇ ಆರಿಸಿದ್ದಾರೆ, ಈಗ ಗೊತ್ತಾಗ್ತಿದೆ. ಕಾಲುವೆ ಯಾವುದು ಅಂತ ಹೆಸರು ಬರೆಯದಿದ್ರೆ ಎಲ್ಲಿ ಬೇಕಾದರೂ ಸುತ್ತಿಸಬಹುದು.

ಊಟ. ಕಾಲುವೆಗಳ ಕಮಾನು ಸೇತುವೆಗಳು ತಗ್ಗು, ಅದಕ್ಕೇ ಅವುಗಳ ಕೆಳಗೆ ನುಸುಳೋ ಗಾಜಿನ ಬೋಟುಗಳೂ ಕುಳ್ಳು. ಅಂಥದ್ದರಲ್ಲಿ ಸರಿಯಾದ ಅಡುಗೆಮನೆಗೆ ಜಾಗ ಎಲ್ಲಿ? ಹೆಚ್ಚಾಗಿ ದಡದಲ್ಲಿ ಬೇಯಿಸಿ ಶಾಖದ ಡಬ್ಬಿಯಲ್ಲಿ ತುಂಬಿ ತರ್ತಾರೆ. ಬೋಟಿನಲ್ಲೇ ಬೇಯಿಸ್ತೀವಿ ಅಂದ್ರೆ ಸಾಮಾನ್ಯವಾಗಿ ಅದು ದೊಡ್ಡ ಬೋಟಾಗಿರುತ್ತೆ, ಒಳಗಿನ ಕಾಲುವೆಗೆ ಹೋಗೋದು ಕಡಿಮೆ. ಎರಡೂ ಒಟ್ಟಿಗೆ ಸಿಗೋದು ಕಷ್ಟ. ಮಾರೋರು ಮಾತ್ರ ಎರಡನ್ನೂ ಮಾರ್ತಾರೆ. ಸಸ್ಯಾಹಾರ ಅಂತ ಬುಕಿಂಗ್‌ನಲ್ಲೇ ಗುರುತು ಹಾಕಿತ್ತು. ಬಂದಿದ್ದು ಎಲ್ಲರ ತಟ್ಟೆಯದೇ ಊಟ, ಕೋಳಿ ತೆಗೆದದ್ದು. ಆಲೂಗಡ್ಡೆ, ಕ್ಯಾರೆಟ್, ಕೋಳಿ ಇದ್ದ ಜಾಗದಲ್ಲಿ ಇನ್ನಷ್ಟು ಆಲೂಗಡ್ಡೆ. ಉಗುರು ಬೆಚ್ಚಗೂ ಇರಲಿಲ್ಲ. ಚೀಸ್ ಮೇಲೆ ಕಣ್ಣಿಡಿ: ಹಾಲು ಹೆಪ್ಪುಗಟ್ಟಿಸೋಕೆ ಕರುವಿನ ಹೊಟ್ಟೆಯ ರೆನೆಟ್ ಬಳಸಿದ ಚೀಸ್ ಅಲ್ಲಿ ಮಾಮೂಲು, ಕಟ್ಟುನಿಟ್ಟಾಗಿ ಪಾಲಿಸೋರು ಕೇಳಲೇಬೇಕು. ನಾವು ಕೇಳಿದ್ವಿ. "ನೋಡಿ ಹೇಳ್ತೀನಿ" ಅಂದ ಹುಡುಗ ಮತ್ತೆ ನಮ್ಮ ಮೇಜಿನ ಕಡೆ ತಿರುಗಲಿಲ್ಲ.

ಪಾನೀಯ ಸೇರಿದೆ ಅಂದ್ರೆ ಒಂದು ಗ್ಲಾಸ್. ಆಮೇಲೆ ನೀರಿಗೂ ದುಡ್ಡು. ಕಿಟಕಿ ಸೀಟು ಅಂದ್ರೆ ಕಿಟಕಿ ಇರೋ ಮೇಜು. ನಾಲ್ವರ ಮೇಜಲ್ಲಿ ಇಬ್ಬರಿಗೆ ಮಾತ್ರ ಕಿಟಕಿ, ನಮಗೆ ನಡುದಾರಿ. ಸಣ್ಣ ಬೋಟುಗಳಲ್ಲಿ ಶೌಚಾಲಯ ಇಲ್ಲದಿರೋದೂ ಉಂಟು, ಹಿರಿಯರು ಜೊತೆಗಿದ್ರೆ ಇದನ್ನು ಮರೀಬೇಡಿ.

ರೀಫಂಡ್ ಕಥೆಯನ್ನು ಚಿಕ್ಕದಾಗಿ ಹೇಳ್ತೀನಿ, ಇಲ್ಲಾಂದ್ರೆ ಮತ್ತೆ ಬಿಪಿ ಏರುತ್ತೆ. ದುಡ್ಡು ತಗೊಂಡಿದ್ದು ಟಿಕೆಟ್ ಮಾರೋ ಮಧ್ಯವರ್ತಿ ಜಾಲತಾಣ, ಬೋಟು ಇನ್ನೊಬ್ಬರದು. ಜಾಲತಾಣ: "ಸೇವೆಯ ಗುಣಮಟ್ಟಕ್ಕೆ ಬೋಟಿನವರೇ ಹೊಣೆ." ಬೋಟಿನವರು: "ನೀವು ನಮ್ಮಲ್ಲಿ ಖರೀದಿಸಿಲ್ಲ." ಮತ್ತೆ ಜಾಲತಾಣ: "ಬೋಟಿನವರ ಲಿಖಿತ ಒಪ್ಪಿಗೆ ಬೇಕು." ಮತ್ತೆ ಬೋಟಿನವರು: "ದಯವಿಟ್ಟು ಜಾಲತಾಣವನ್ನು ಸಂಪರ್ಕಿಸಿ." ಹನ್ನೊಂದು ದಿನ ಇದೇ. ಯೂರೋಪಿನಲ್ಲಿ ಆನ್‌ಲೈನ್ ಖರೀದಿಗೆ 14 ದಿನದೊಳಗೆ ವಾಪಸಾತಿ ಹಕ್ಕಿದೆ ಅಂತ ಯಾರಾದ್ರೂ ಧೈರ್ಯ ತುಂಬಿದ್ರೆ ನಂಬಬೇಡಿ. ನಿಗದಿತ ದಿನದ ಮನರಂಜನಾ ಸೇವೆಗೆ ಆ ಹಕ್ಕು ಅನ್ವಯಿಸಲ್ಲ, ಕಾನೂನಲ್ಲೇ ವಿನಾಯಿತಿ ಇದೆ. ಅಲ್ಲಿನ ಗ್ರಾಹಕ ಪ್ರಾಧಿಕಾರ ಎಸಿಎಂ ದೂರು ದಾಖಲಿಸಿಕೊಳ್ಳುತ್ತೆ, ಒಬ್ಬೊಬ್ಬರ ದುಡ್ಡು ವಾಪಸ್ ಕೊಡಿಸಲ್ಲ. ಉಳಿದಿದ್ದು ಕ್ರೆಡಿಟ್ ಕಾರ್ಡ್ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದ್ರೆ ಕಾರ್ಡಿಂದ ಹೋದ ದುಡ್ಡು ವಾಪಸ್ ಕೊಡಿಸಿ ಅಂತ ಬ್ಯಾಂಕನ್ನೇ ಕೇಳೋದು. ಅದಕ್ಕೆ ಬುಕಿಂಗ್ ಪುಟದ ಸ್ಕ್ರೀನ್‌ಶಾಟ್ ಬೇಕು. ನಾವು ತೆಗೆದಿರಲಿಲ್ಲ. ಈಗ ಹೋಗಿ ನೋಡಿದ್ರೆ "ಎರಡು ಗಂಟೆ" ಇದ್ದ ಕಡೆ "ಸುಮಾರು ಎರಡು ಗಂಟೆ, ಹತ್ತುವ ಸಮಯ ಸೇರಿ" ಅಂತಾಗಿದೆ.

ಹಟ ಹಿಡಿದು ಹೋಗೋರಾದ್ರೆ ಇಷ್ಟು ಮಾಡಿ. ಹಗ್ಗ ಬಿಚ್ಚೋದು ಎಷ್ಟಕ್ಕೆ, ವಾಪಸ್ ಕಟ್ಟೋದು ಎಷ್ಟಕ್ಕೆ, ಯಾವ್ಯಾವ ಕಾಲುವೆ, ಬೋಟು ಯಾರದು, ಇಷ್ಟನ್ನು ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಉತ್ತರ ಬರದಿದ್ರೆ ಅದೇ ಉತ್ತರ. ಹತ್ತುವ ಕಟ್ಟೆ ಪ್ರಿನ್ಸ್ ಹೆಂಡ್ರಿಕ್‌ಕಾಡೆಯೋ ಸ್ಟಾಡ್‌ಹೌಡರ್ಸ್‌ಕಾಡೆಯೋ ಅಂತ ವೌಚರ್‌ನಲ್ಲಿ ನೋಡಿ, ಒಂದು ಸ್ಟೇಷನ್ ಎದುರು, ಇನ್ನೊಂದು ರೈಕ್ಸ್‌ಮ್ಯೂಸಿಯಂ ಕಡೆ. ತಪ್ಪು ಕಟ್ಟೆಗೆ ಹೋದರೆ ಬೋಟು ಕಾಯಲ್ಲ. ಏಪ್ರಿಲ್ 27, ರಾಜನ ಹುಟ್ಟುಹಬ್ಬ, ಆವತ್ತಂತೂ ಬೇಡವೇ ಬೇಡ, ಕಾಲುವೆ ತುಂಬ ಬೋಟು. ನನ್ನನ್ನು ಕೇಳಿದ್ರೆ ಊಟ ದಡದಲ್ಲೇ ಮುಗಿಸಿ, ಕತ್ತಲಾಗೋ ಹೊತ್ತಿಗೆ ಒಂದು ಗಂಟೆಯ ಬರೀ ಬೋಟು ಹತ್ತಿ.

ನಿನ್ನೆ ಜಾಲತಾಣದವರಿಂದ ಕೊನೆಯ ಮೇಲ್ ಬಂತು. "ನಿಮಗಾದ ಅನಾನುಕೂಲಕ್ಕೆ ವಿಷಾದವಿದೆ." ಜೊತೆಗೆ ಶೇ. 10 ರಿಯಾಯಿತಿಯ ಒಂದು ಕೋಡ್. ಡಿನ್ನರ್ ಕ್ರೂಸ್‌ಗೆ ಮಾತ್ರ ಅನ್ವಯ.