‘ಕನ್ನಡಕ ಬಿಡಿಸುವ’ ಶಿಬಿರಕ್ಕೆ ಮಗುವನ್ನು ಸೇರಿಸುವ ಮೊದಲು ಇದನ್ನು ಓದಿ

ಏಳು ವರ್ಷದ ಹುಡುಗಿ. ಬೋರ್ಡ್ ಮೇಲೆ ಬರೆದದ್ದು ಕಾಣುತ್ತಿಲ್ಲ ಎಂದು ಟೀಚರ್ ಹೇಳಿಕಳಿಸಿದ ಮೇಲೆ ಮನೆಯವರು ಹತ್ತಿರದ ಆಪ್ಟಿಕಲ್ಸ್ ಅಂಗಡಿಗೆ ಕರೆದೊಯ್ದರು. ಮಿಷನ್‌ಗೆ ಗದ್ದ ಇಡಿಸಿ ನೋಡಿದಾಗ ಎರಡೂ ಕಣ್ಣಿಗೆ ಮೈನಸ್ 2.00 ಬಂತು, ಅದೇ ನಂಬರಿಗೆ ಕನ್ನಡಕ ಮಾಡಿಕೊಟ್ಟರು. ಹಾಕಿಕೊಂಡು ಓದಲು ಕೂತರೆ ಸಾಕು, ತಲೆನೋವು. ತಿಂಗಳಾದ ಮೇಲೆ ಕಣ್ಣಿನ ಆಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿ ನೋಡಿದಾಗ ನಿಜವಾದ ನಂಬರ್ ಮೈನಸ್ 1.25 ಎಂದು ಗೊತ್ತಾಯಿತು. ಹೊಸ ಚೀಟಿ ಕೊಟ್ಟರು. ಆದರೆ ಅಷ್ಟರಲ್ಲಿ ಮನೆಯವರಿಗೆ ಕನ್ನಡಕದ ಮೇಲೇ ನಂಬಿಕೆ ಹೋಗಿತ್ತು. ಹೊಸದನ್ನು ಮಾಡಿಸಲಿಲ್ಲ. ವ್ಯಾಯಾಮದಿಂದ ಕನ್ನಡಕ ಬಿಡಿಸುತ್ತೇವೆ ಎನ್ನುವ ಶಿಬಿರವೊಂದಕ್ಕೆ ಮಗುವನ್ನು ಸೇರಿಸಿದರು. ಅಂಗೈ ಉಜ್ಜಿ ಕಣ್ಣಿಗೆ ಇಟ್ಟುಕೊಳ್ಳುವುದು, ಮೇಣದಬತ್ತಿ ದಿಟ್ಟಿಸುವುದು, ಕಣ್ಣುಗುಡ್ಡೆ ಎಡಕ್ಕೆ ಬಲಕ್ಕೆ ಹೊರಳಿಸುವುದು. ಕೊನೆಯ ದಿನ ‘ಎರಡು ಸಾಲು ಸುಧಾರಣೆ’ ಎಂದು ಬರೆದ ಹಾಳೆಯೊಂದನ್ನು ಕೈಗಿತ್ತರು. ಆಮೇಲೆ ಎರಡು ವರ್ಷ ಯಾರೂ ಕಣ್ಣು ಅಳೆಯಲಿಲ್ಲ. ಒಂಬತ್ತನೇ ವಯಸ್ಸಿಗೆ ನಂಬರ್ ಮೈನಸ್ 3.50.

ಕಣ್ಣು ತಪಾಸಣೆಯ ಕೆಲಸದಲ್ಲಿರುವ ನಮ್ಮ ಮುಂದೆ ಇದೇ ಜಾಡಿನಲ್ಲಿ ಬಂದ ಮಕ್ಕಳು ಮತ್ತೆ ಮತ್ತೆ ಕೂರುತ್ತಾರೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ.

ಶಿಬಿರದ ಹಾಳೆ ಪೂರ್ತಿ ಸುಳ್ಳಾಗಿರಬೇಕೆಂದೇನಿಲ್ಲ. ಮಗು ನಿಜವಾಗಿಯೂ ಎರಡು ಸಾಲು ಹೆಚ್ಚು ಓದಿರಬಹುದು. ಹೇಗೆ ಅಂದರೆ, ದಿನಾ ಅದೇ ಚಾರ್ಟ್ ನೋಡಿದ ಮಗುವಿಗೆ ಅಕ್ಷರಗಳು ಬಾಯಿಪಾಠ ಆಗಿರುತ್ತವೆ. ಕೋಣೆಯಲ್ಲಿ ದೀಪ ಜೋರಾಗಿದ್ದರೆ ಪಾಪೆ ಕಿರಿದಾಗಿ ಮಸುಕು ಕಡಿಮೆಯಾಗುತ್ತದೆ; ಕಣ್ಣು ಕಿರಿದು ಮಾಡಿ ನೋಡಿದರೂ ಅಷ್ಟೇ. 6 ಮೀಟರ್ ಚಾರ್ಟನ್ನು 4 ಮೀಟರ್ ದೂರದಲ್ಲಿ ನಿಲ್ಲಿಸಿ ಓದಿಸಿದರೆ ಯಾವ ಚಿಕಿತ್ಸೆಯೂ ಇಲ್ಲದೆ ಒಂದೆರಡು ಸಾಲು ಸಿಗುತ್ತದೆ. ಇವೆಲ್ಲ ಬಿಟ್ಟರೂ, ಕನ್ನಡಕ ತೆಗೆದು ಕೆಲವು ಗಂಟೆ ಕಳೆದರೆ ಮಿದುಳು ಮಸುಕಿಗೆ ಹೊಂದಿಕೊಂಡು ಸ್ವಲ್ಪ ಚೆನ್ನಾಗಿ ಓದಿಸುತ್ತದೆ. ಕಣ್ಣಿನ ನಂಬರ್ ಮಾತ್ರ ಎಲ್ಲಿತ್ತೋ ಅಲ್ಲೇ ಇರುತ್ತದೆ. ಹಾಗಾಗಿ ಚಾರ್ಟ್ ಓದಿಸಿ ತೋರಿಸುವ ಸುಧಾರಣೆಯನ್ನು ಒಪ್ಪಬೇಡಿ. ಡ್ರಾಪ್ಸ್ ಹಾಕಿ ನೋಡಿದ ನಂಬರ್ ಮತ್ತು ಕಣ್ಣುಗುಡ್ಡೆಯ ಉದ್ದ, ಇವೆರಡನ್ನೂ ಮೊದಲು ಮತ್ತು ನಂತರ ಬೇರೆ ಕಡೆ ಅಳೆಸಿ ಹೋಲಿಸಿ.

ಈ ಉದ್ದವೇ ಇಡೀ ವಿಷಯದ ತಿರುಳು. ಮಕ್ಕಳ ಸಮೀಪದೃಷ್ಟಿಯಲ್ಲಿ, ಅಂದರೆ ದೂರದ್ದು ಮಸುಕಾಗಿ ಮೈನಸ್ ನಂಬರ್ ಬರುವ ತೊಂದರೆಯಲ್ಲಿ, ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಬೇಕಾದ್ದಕ್ಕಿಂತ ಉದ್ದ ಬೆಳೆಯುತ್ತದೆ. ದೊಡ್ಡವರ ಸಾಮಾನ್ಯ ಕಣ್ಣು ಸುಮಾರು 23.5 ಮಿ.ಮೀ. ಉದ್ದ ಇರುತ್ತದೆ. ಒಂದು ಮಿ.ಮೀ. ಹೆಚ್ಚಾದರೆ ಸರಿಸುಮಾರು ಎರಡೂವರೆ ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ಮೈನಸ್ ಏರುತ್ತದೆ. ಆ ಹುಡುಗಿಯ ಕಣ್ಣು ಒಂಬತ್ತನೇ ವಯಸ್ಸಿಗೇ 24.9 ಮಿ.ಮೀ. ಬೆಳೆದಿತ್ತು. ಒಮ್ಮೆ ಉದ್ದವಾದ ಕಣ್ಣನ್ನು ವ್ಯಾಯಾಮ, ಕ್ಯಾರೆಟ್ ರಸ, ಜೇನಿನ ಹನಿ ಯಾವುದೂ ಹಿಂದಕ್ಕೆ ತರುವುದಿಲ್ಲ. ಜೇನು, ಗಿಡಮೂಲಿಕೆ ರಸ ಅಂತ ಕಣ್ಣಿಗೆ ಬಿಟ್ಟರೆ ಕಾರ್ನಿಯಾಗೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಸೋಂಕು ಬೇರೆ ಅಂಟಿಕೊಳ್ಳಬಹುದು. ದೊಡ್ಡವರಾದ ಮೇಲೆ ಲೇಸರ್ ಮಾಡಿಸಿದರೂ ಸರಿಯಾಗುವುದು ಕಾರ್ನಿಯಾದ ಆಕಾರ ಮಾತ್ರ, ಹಿಂದೆ ಎಳೆದು ತೆಳುವಾದ ಅಕ್ಷಿಪಟಲ ಹಾಗೆಯೇ ಉಳಿಯುತ್ತದೆ. 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಒಂದೊಂದು ಡಯಾಪ್ಟರ್ ಏರಿದಾಗಲೂ ಸಮೀಪದೃಷ್ಟಿಯಿಂದ ಮ್ಯಾಕ್ಯುಲಾ (ಅಕ್ಷಿಪಟಲದ ನಡುಭಾಗ) ಹಾಳಾಗುವ ಅಪಾಯ 67% ಹೆಚ್ಚುತ್ತದೆ. ಆ ಎರಡು ವರ್ಷ ಚಿಕಿತ್ಸೆ ಇದ್ದಿದ್ದರೂ ನಂಬರ್ ಏರುತ್ತಿತ್ತು, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಇಷ್ಟು ಏರದಂತೆ ತಡೆಯುವ ಅವಕಾಶ ಇತ್ತು. ಚಿಕ್ಕ ವಯಸ್ಸಿನಲ್ಲೇ ಓಟ ಜೋರು. ಹದಿಮೂರಕ್ಕೆ ಶುರುವಾದವರಿಗಿಂತ ಏಳಕ್ಕೆ ಶುರುವಾದವರು ಮುಂದೆ ಹೆಚ್ಚು ನಂಬರಿಗೆ ಹೋಗಿ ನಿಲ್ಲುತ್ತಾರೆ.

ಇಷ್ಟಕ್ಕೆಲ್ಲ ಮೂಲ ಆ ಮೊದಲ ದಿನದ ತಪಾಸಣೆ. ಮಕ್ಕಳ ಕಣ್ಣಿನೊಳಗಿನ ಫೋಕಸ್ ಸ್ನಾಯು ಬಹಳ ಚುರುಕು. ಮಿಷನ್ ಒಳಗೆ ಇಣುಕಿದ ಕೂಡಲೇ ಅದು ಬಿಗಿಯಾಗಿ ಇಲ್ಲದ ಮೈನಸ್ ತೋರಿಸುತ್ತದೆ. ಮುಕ್ಕಾಲು ಡಯಾಪ್ಟರ್ ಹೆಚ್ಚಿಗೆ ಕೊಟ್ಟ ಕನ್ನಡಕದಲ್ಲಿ ಓದಿದರೆ ಆ ಸ್ನಾಯುವಿಗೆ ದಿನವಿಡೀ ಹೆಚ್ಚುವರಿ ದುಡಿಮೆ, ತಲೆನೋವು ಬರದೆ ಇರುತ್ತದೆಯೇ? ಸರಿಯಾದ ಕ್ರಮ ಹೀಗೆ: ಆ ಸ್ನಾಯುವನ್ನು ಸಡಿಲಿಸುವ ಸೈಕ್ಲೋಪೆಂಟೊಲೇಟ್ 1% ಹನಿಯನ್ನು 5ರಿಂದ 10 ನಿಮಿಷದ ಅಂತರದಲ್ಲಿ ಎರಡು ಸಲ ಹಾಕಿ, 30ರಿಂದ 45 ನಿಮಿಷ ಕಾದು ಆಮೇಲೆ ನಂಬರ್ ನೋಡುವುದು. ಸ್ವಲ್ಪ ಉರಿಯುತ್ತದೆ, ಮರುದಿನದವರೆಗೂ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಕೆಲವು ಕಡೆ ಹೋಮಾಟ್ರೊಪಿನ್ ಹಾಕುತ್ತಾರೆ, ಅದರ ಪರಿಣಾಮ ಇಳಿಯಲು ಎರಡು ಮೂರು ದಿನ ಬೇಕು. ಶಾಲೆಯ ಪರೀಕ್ಷೆಯ ಹಿಂದಿನ ದಿನ ಹೋಗಬೇಡಿ. ಡ್ರಾಪ್ಸ್ ಹಾಕದೆ ಐದೇ ನಿಮಿಷದಲ್ಲಿ ಮಗುವಿನ ಮೊದಲ ಕನ್ನಡಕದ ನಂಬರ್ ಬರೆದುಕೊಟ್ಟರೆ ಆ ಚೀಟಿಗೆ ಕನ್ನಡಕ ಮಾಡಿಸಬೇಡಿ. ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ, ಬೆಂಗಳೂರಿನವರಾದರೆ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಕೇಳಿ.

‘ಪೂರ್ತಿ ನಂಬರ್ ಕೊಟ್ಟರೆ ಕಣ್ಣು ಸೋಮಾರಿ ಆಗುತ್ತದೆ, ಅರ್ಧ ಕೊಡಿ’ ಎನ್ನುವವರೂ ಇದ್ದಾರೆ. ಮಲೇಷ್ಯಾದಲ್ಲಿ ಇದನ್ನು ಮಕ್ಕಳ ಮೇಲೆ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು: 0.75 ಡಯಾಪ್ಟರ್ ಕಡಿಮೆ ಕೊಟ್ಟ ಮಕ್ಕಳಲ್ಲಿ ನಂಬರ್ ನಿಧಾನವಾಗುವುದಿರಲಿ, ಪೂರ್ತಿ ಕೊಟ್ಟವರಿಗಿಂತ ಹೆಚ್ಚೇ ಏರಿತು. ನೀಲಿ ಬೆಳಕು ತಡೆಯುವ ‘ಬ್ಲೂ ಕಟ್’ ಗ್ಲಾಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಸಮೀಪದೃಷ್ಟಿ ತಡೆಯುವ ಗುಣ ಅದಕ್ಕಿಲ್ಲ.

ಕೆಲಸ ಮಾಡುವ ದಾರಿಗಳಲ್ಲೂ ಎಡವುವ ಜಾಗಗಳಿವೆ. ಅತಿ ಅಪಾಯದ್ದು ಮೆಡಿಕಲ್ ಶಾಪ್‌ನಲ್ಲಿ. ಸಮೀಪದೃಷ್ಟಿಯ ನಂಬರ್ ಏರುವುದನ್ನು ನಿಧಾನಿಸಲು ರಾತ್ರಿ ಮಲಗುವಾಗ ಹಾಕುವ ಅಟ್ರೊಪಿನ್ ಹನಿ 0.01%ರಿಂದ 0.05%ರಷ್ಟು ತೆಳು. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 1%, ಅಂದರೆ 0.01%ಕ್ಕಿಂತ ನೂರು ಪಟ್ಟು ಗಾಢ. ಹೆಸರು ಒಂದೇ ಎಂದು ಅದನ್ನೇ ಕೊಟ್ಟರೆ ಮಗುವಿನ ಪಾಪೆ ವಾರ, ಹತ್ತು ದಿನ ಅಗಲವಾಗಿಯೇ ಉಳಿಯುತ್ತದೆ, ಪುಸ್ತಕ ಓದಲಾಗುವುದಿಲ್ಲ, ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ. ಮುಖ ಕೆಂಪಾಗಿ, ಬಾಯಿ ಒಣಗಿ, ಮೈ ಬಿಸಿಯಾಗಿ, ಎದೆ ಹೊಡೆದುಕೊಂಡರೆ ಅಥವಾ ಮಗು ಏನೇನೋ ಮಾತಾಡತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಬಾಟಲಿಯ ಮೇಲಿನ ಸಂಖ್ಯೆಯನ್ನು ಚೀಟಿಯ ಪಕ್ಕದಲ್ಲಿಟ್ಟು ಸೊನ್ನೆಗಳನ್ನು ಎಣಿಸಿ, ಆಮೇಲೆ ದುಡ್ಡು ಕೊಡಿ. ಒಂದು ಕಣ್ಣಿಗೆ ಒಂದೇ ಹನಿ. ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಂಚನ್ನು ಒಂದು ನಿಮಿಷ ಬೆರಳಿನಿಂದ ಒತ್ತಿ ಹಿಡಿದರೆ ಮದ್ದು ಗಂಟಲಿಗೆ ಇಳಿಯುವುದು ಕಡಿಮೆ. ತೆರೆದ ಬಾಟಲಿಯನ್ನು ತಿಂಗಳಿಗೆ ಎಸೆಯಿರಿ. ತಮ್ಮ ತಂಗಿಯರ ಕೈಗೆ ಸಿಗದ ಕಡೆ ಇಡಿ, ಕುಡಿದರೆ ವಿಷ.

ಯಾವ ಪ್ರಮಾಣ ಎನ್ನುವುದೂ ಮುಖ್ಯ. ಹಾಂಗ್‌ಕಾಂಗ್‌ನಲ್ಲಿ 4ರಿಂದ 12 ವರ್ಷದ ಮಕ್ಕಳ ಮೇಲೆ ನಡೆದ ಲ್ಯಾಂಪ್ ಎಂಬ ಅಟ್ರೊಪಿನ್ ಅಧ್ಯಯನದ ಮೊದಲ ವರ್ಷದಲ್ಲಿ ನಂಬರ್ ಏರಿಕೆ 0.05%ರಲ್ಲಿ 67%ರಷ್ಟು, 0.025%ರಲ್ಲಿ 43%ರಷ್ಟು, 0.01%ರಲ್ಲಿ 27%ರಷ್ಟು ಕಡಿಮೆಯಾಯಿತು. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 0.01%ಕ್ಕೂ ಮದ್ದಿಲ್ಲದ ಬರೀ ಹನಿಗೂ ವ್ಯತ್ಯಾಸ ಕಾಣಲಿಲ್ಲ. ಆರು ತಿಂಗಳು 0.01% ಹಾಕಿದರೂ ಕಣ್ಣಿನ ಉದ್ದ ಏರುತ್ತಲೇ ಇದ್ದರೆ ‘ಹಾಕುತ್ತಾ ಇರಿ’ ಎನ್ನುವ ಉತ್ತರಕ್ಕೆ ಒಪ್ಪಬೇಡಿ, ಪ್ರಮಾಣ ಬದಲಿಸುವ ಬಗ್ಗೆ ವೈದ್ಯರನ್ನೇ ಕೇಳಿ.

ಅಂಚಿನಲ್ಲಿ ನೂರಾರು ಪುಟ್ಟ ಲೆನ್ಸ್ ಇರುವ ವಿಶೇಷ ಗ್ಲಾಸುಗಳೂ ಚೆನ್ನಾಗಿ ಕೆಲಸ ಮಾಡುತ್ತವೆ. ಅಂಥವುಗಳಲ್ಲಿ ಒಂದಾದ ಡಿಮ್ಸ್ ಗ್ಲಾಸಿನಲ್ಲಿ ನಡುವಿನ 9 ಮಿ.ಮೀ. ಮಾತ್ರ ತಿಳಿಯಾಗಿದ್ದು ಸುತ್ತ ಸುಮಾರು 400 ಪುಟ್ಟ ಲೆನ್ಸ್ ಇವೆ. ಹಾಂಗ್‌ಕಾಂಗ್‌ನ ಎರಡು ವರ್ಷದ ಪರೀಕ್ಷೆಯಲ್ಲಿ ನಂಬರ್ ಏರಿಕೆ 52%ರಷ್ಟು ತಗ್ಗಿತು. ಸಾಮಾನ್ಯ ಗ್ಲಾಸಿಗಿಂತ ಹಲವು ಪಟ್ಟು ಬೆಲೆ ತೆತ್ತು ತಂದ ಇದೇ ಗ್ಲಾಸು ಮೂಗಿನ ತುದಿಗೆ ಜಾರಿ ಕೂತರೆ ಆ ತಿಳಿ ಭಾಗ ಪಾಪೆಯ ಎದುರಿಗೇ ಇರುವುದಿಲ್ಲ, ಮಗು ಚೌಕಟ್ಟಿನ ಮೇಲಿನಿಂದ ನೋಡುತ್ತದೆ. ಡಬ್ಬಿಯಿಂದ ತೆಗೆದು ಹಾಕಿಕೊಂಡು ಹೋಗುವುದಲ್ಲ. ಫ್ರೇಮ್ ಹಾಕಿ ನಿಲ್ಲಿಸಿ ಎರಡೂ ಪಾಪೆಗಳ ಅಡ್ಡ ದೂರವನ್ನೂ ಎತ್ತರವನ್ನೂ ಗುರುತಿಸಿದ ಮೇಲೆಯೇ ಗ್ಲಾಸ್ ಕತ್ತರಿಸಬೇಕು. ಮೂಗಿನ ಪ್ಯಾಡ್ ಬಿಗಿಯಾಗಿರಲಿ, ಕಿವಿಯ ಹಿಂದೆ ಪಟ್ಟಿ ಇರಲಿ. ಎಚ್ಚರವಿರುವಷ್ಟು ಹೊತ್ತೂ ಹಾಕಿರಬೇಕು, ಶಾಲೆಗೆ ಮಾತ್ರ ಅಂದರೆ ದುಡ್ಡು ದಂಡ. ರಾತ್ರಿ ಹಾಕುವ ಆರ್ಥೊ-ಕೆ ಲೆನ್ಸ್ (ಮಲಗಿದ್ದಾಗ ಕಾರ್ನಿಯಾದ ಆಕಾರ ತಾತ್ಕಾಲಿಕವಾಗಿ ಬದಲಿಸುವ ಕಾಂಟ್ಯಾಕ್ಟ್ ಲೆನ್ಸ್) ಆಯ್ದುಕೊಂಡವರು ನಲ್ಲಿ ನೀರನ್ನು ಲೆನ್ಸಿಗೂ ಡಬ್ಬಿಗೂ ಸೋಕಿಸಲೇಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿಯಿಂದ ಕಣ್ಣೇ ಹೋದ ಪ್ರಕರಣಗಳಿವೆ.

ಕನ್ನಡಕ ಇನ್ನೂ ಬರದ ತಮ್ಮ ತಂಗಿಯರಿಗೆ ಖರ್ಚಿಲ್ಲದ ದಾರಿ ಒಂದಿದೆ, ದಿನಕ್ಕೆ ಎರಡು ಗಂಟೆ ಹೊರಗೆ ಆಟ. ಚೀನಾದ ಗುವಾಂಗ್‌ಝೌನ ಶಾಲೆಗಳಲ್ಲಿ ದಿನಕ್ಕೆ ಬರೀ 40 ನಿಮಿಷ ಹೆಚ್ಚುವರಿ ಹೊರಗೆ ಬಿಟ್ಟದ್ದಕ್ಕೆ ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು 39.5%ರಿಂದ 30.4%ಕ್ಕೆ ಇಳಿದರು. ಉರಿಬಿಸಿಲೇ ಬೇಕಿಲ್ಲ, ಹೊಂಗೆ ಮರದ ನೆರಳಿನಲ್ಲೂ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಹತ್ತಾರು ಪಟ್ಟು ಬೆಳಕಿರುತ್ತದೆ. ಆದರೆ ಒಮ್ಮೆ ನಂಬರ್ ಬಂದ ಮಗುವಿಗೆ ಆಟವೊಂದೇ ಚಿಕಿತ್ಸೆ ಆಗದು.

ಏನೇ ಶುರು ಮಾಡಿದರೂ ಕಣ್ಣಿನ ಉದ್ದವನ್ನು ಆರು ತಿಂಗಳಿಗೊಮ್ಮೆ ಅದೇ ಮಿಷನ್‌ನಲ್ಲಿ ಅಳೆಸಿ, ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅಟ್ರೊಪಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ: ಗಾಢ ಹನಿ ಹಾಕುತ್ತಿದ್ದು ದಿಢೀರನೆ ಬಿಟ್ಟ ಮಕ್ಕಳಲ್ಲಿ, ಅದರಲ್ಲೂ ಚಿಕ್ಕವರಲ್ಲಿ, ನಂಬರ್ ಮತ್ತೆ ಜೋರಾಗಿ ಏರುತ್ತದೆ. ವೈದ್ಯರು ಹೇಳಿದಂತೆ ಹಂತ ಹಂತವಾಗಿ ಇಳಿಸಿ, ನಿಲ್ಲಿಸಿದ ಮೇಲೂ ಕನಿಷ್ಠ ಒಂದು ವರ್ಷ ಅಳೆಸುತ್ತಿರಿ.