ಒಂದೇ ಸರ್ವರ್‌ನಲ್ಲಿ ಮೂವರ ಆ್ಯಪ್: ಟಾಮ್‌ಕ್ಯಾಟ್ ಜೊತೆ ನಾಲ್ಕು ವರ್ಷ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಕೂತು ಮೂವರ ಆ್ಯಪ್ ನೋಡಿಕೊಳ್ಳುತ್ತೇನೆ. ಮಾಟುಂಗಾದ ಒಂದು ಉಡುಪಿ ಹೋಟೆಲ್‌ನ ಆರ್ಡರ್, ಠಾಣೆಯ ಕೇಟರಿಂಗ್‌ನವರ ಬುಕಿಂಗ್, ನಮ್ಮ ಕನ್ನಡ ಸಂಘದ ಸದಸ್ಯರ ಪಟ್ಟಿ. ಮೂರೂ ಜಾವಾದಲ್ಲಿ ಬರೆದವು. ಬಾಡಿಗೆಗೆ ಹಿಡಿದಿರುವುದು 4 ಜಿಬಿ ಮೆಮೊರಿಯ ಒಂದೇ ಲಿನಕ್ಸ್ ಸರ್ವರ್.

ಶುರುವಿನಲ್ಲಿ ಸುಲಭದ ದಾರಿ ಹಿಡಿದೆ. ಒಂದೇ ಟಾಮ್‌ಕ್ಯಾಟ್ (ಜಾವಾ ವೆಬ್ ಆ್ಯಪ್‌ಗಳನ್ನು ಓಡಿಸುವ ಸಾಫ್ಟ್‌ವೇರ್), ಅದರೊಳಗೆ ಮೂರು ಹೋಸ್ಟ್, ಅಂದರೆ ಡೊಮೇನ್ ಹೆಸರಿಗೊಂದು ವಿಭಾಗ. ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಗಣೇಶ ಚೌತಿಯ ಹಿಂದಿನ ದಿನ ಕೇಟರಿಂಗ್‌ನವರು ಮೋದಕದ ಆರ್ಡರ್ ಎಷ್ಟಿದೆ ಅಂತ ರಿಪೋರ್ಟ್ ತೆಗೆದರು. ಅದು ಹಳೆಯ ಬುಕಿಂಗ್ ಎಲ್ಲವನ್ನೂ ಒಂದೇ ಸಲ ಮೆಮೊರಿಗೆ ಎಳೆದುಕೊಂಡಿತು. ಮೂರೂ ಆ್ಯಪ್ ಒಂದೇ ಜೆವಿಎಂ (ಜಾವಾ ಕೋಡ್ ಓಡಿಸುವ ಪ್ರೋಗ್ರಾಂ) ಒಳಗಿದ್ದವು, ಮೂರೂ ಒಟ್ಟಿಗೆ ಮಲಗಿದವು. "ಎಂತ ಮಾರಾಯ್ರೆ, ಬೆಳಗ್ಗಿಂದ ಒಂದು ಆರ್ಡರೂ ಬರ್ಲಿಲ್ಲ" ಅಂತ ಹೋಟೆಲ್ ಯಜಮಾನರು ಫೋನ್ ಮಾಡಿದ ಮೇಲೆಯೇ ನನಗೆ ಗೊತ್ತಾಗಿದ್ದು. ಅವರದೇನು ತಪ್ಪಿತ್ತು? ತುಂಬಾ ಬೇಜಾರಾಯಿತು.

ಆ ವಾರವೇ ಬದಲಿಸಿದೆ. ಟಾಮ್‌ಕ್ಯಾಟ್‌ನ ಮೂಲ ಫೈಲುಗಳು ಒಂದು ಕಡೆ ಇರುತ್ತವೆ, ಅದು ಕ್ಯಾಟಲಿನಾ ಹೋಮ್. ಪ್ರತಿಯೊಬ್ಬರ ಕಾನ್ಫಿಗ್, ಲಾಗ್, ಆ್ಯಪ್ ಬೇರೆ ಬೇರೆ ಫೋಲ್ಡರ್‌ನಲ್ಲಿ, ಅದು ಕ್ಯಾಟಲಿನಾ ಬೇಸ್. ಮೂರು ಬೇಸ್, ಮೂರು ಲಿನಕ್ಸ್ ಯೂಸರ್, ಮೂರು ಸಿಸ್ಟಮ್‌ಡಿ ಸರ್ವೀಸ್ ಮಾಡಿದೆ (ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಶುರು ಮಾಡಿ ನಿಲ್ಲಿಸುವುದು ಸಿಸ್ಟಮ್‌ಡಿ). ಹೀಗೆ ಪ್ರತಿಯೊಂದಕ್ಕೂ ಅದರದೇ ಜೆವಿಎಂ. ಪೋರ್ಟ್ 8081, 8082, 8083, ಎಲ್ಲವೂ 127.0.0.1 ಮೇಲೆ ಮಾತ್ರ, ಅಂದರೆ ಸರ್ವರ್‌ನ ಒಳಗಿಂದಷ್ಟೇ ತಲುಪಬಹುದು. ಬಾಗಿಲಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ನಿಂತು ಡೊಮೇನ್ ಹೆಸರು ನೋಡಿ ಒಳಗೆ ಕಳಿಸುತ್ತದೆ. ಟಾಮ್‌ಕ್ಯಾಟ್ ನಿಲ್ಲಿಸಲು ಇರುವ ಶಟ್‌ಡೌನ್ ಪೋರ್ಟ್ 8005 ಎಲ್ಲದರಲ್ಲೂ ಹಾಗೇ ಬಿಟ್ಟರೆ ಪೋರ್ಟ್ ಜಗಳ ಬರುತ್ತದೆ. ಅಲ್ಲಿ -1 ಹಾಕಿ ಮುಚ್ಚಿದ್ದೇನೆ. ಎಜೆಪಿ ಕನೆಕ್ಟರ್ (ಬಾಗಿಲಿನ ವೆಬ್ ಸರ್ವರ್ ಜೊತೆ ಟಾಮ್‌ಕ್ಯಾಟ್ ಮಾತಾಡುವ ಇನ್ನೊಂದು ದಾರಿ) ಅಂತೂ ತೆರೆಯುವುದೇ ಇಲ್ಲ. 2020ರಲ್ಲಿ ಘೋಸ್ಟ್‌ಕ್ಯಾಟ್ ಎಂಬ ಭದ್ರತಾ ದೋಷ ಬಯಲಾದದ್ದು ಅದರಲ್ಲೇ.

ಮೆಮೊರಿ ಲೆಕ್ಕದಲ್ಲಿ ಮಾತ್ರ ಎಡವಿದೆ. ಆ್ಯಪ್‌ನ ಡೇಟಾ ಇರುವ ಹೀಪ್‌ಗೆ 512 ಎಂಬಿ ಕೊಟ್ಟು, ಇಡೀ ಸರ್ವೀಸ್‌ಗೆ ಸಿಸ್ಟಮ್‌ಡಿ ಹಾಕುವ ಮಿತಿಯನ್ನೂ 512 ಅಂತಲೇ ಇಟ್ಟೆ. ಸಂಘದ ಆ್ಯಪ್ ಆಗಾಗ ಸುಮ್ನೆ ನಿಲ್ಲುತ್ತಿತ್ತು. ಟಾಮ್‌ಕ್ಯಾಟ್ ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಎರಡು ರಾತ್ರಿ ಹುಡುಕಿ, ಕೊನೆಗೆ ಸಿಸ್ಟಮ್ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ತೆರೆದರೆ 'ಊಮ್ ಕಿಲ್' ಅಂತ ಬರೆದಿತ್ತು, ಅಂದರೆ ಮೆಮೊರಿ ಸಾಲದೆ ಕೊಂದದ್ದು. ಕೊಂದದ್ದು ಲಿನಕ್ಸ್‌ನ ತಿರುಳಾದ ಕರ್ನಲ್. ಹೀಪ್ ಅಲ್ಲದೆ ಕ್ಲಾಸ್‌ಗಳ ವಿವರ ಇಡುವ ಮೆಟಾಸ್ಪೇಸ್‌ಗೆ, ರಿಕ್ವೆಸ್ಟ್‌ಗಳನ್ನು ನೋಡಿಕೊಳ್ಳುವ ಥ್ರೆಡ್‌ಗಳ ಸ್ಟ್ಯಾಕ್‌ಗೆ ಜೆವಿಎಂ ಬೇರೆ ಜಾಗ ಕೇಳುತ್ತದೆ. ಈಗ ಮಿತಿ 900 ಎಂಬಿ. ಥ್ರೆಡ್ ಮಿತಿ ತಾನಾಗಿ 200 ಇರುತ್ತದೆ, ನಮಗೆ 40 ಧಾರಾಳ.

ಹೋದ ಚೌತಿಗೂ ಕೇಟರಿಂಗ್‌ನವರ ರಿಪೋರ್ಟ್ ಮೆಮೊರಿ ತುಂಬಿಸಿತು. ಅವರದೊಂದನ್ನೇ ರೀಸ್ಟಾರ್ಟ್ ಮಾಡಿದೆ. ಮಾಟುಂಗಾದಲ್ಲಿ ಆರ್ಡರ್ ಬರುತ್ತಲೇ ಇತ್ತು.

ನನಗೆ ಜಾಸ್ತಿ ಇಷ್ಟವಾದದ್ದು ಅಪ್‌ಗ್ರೇಡ್. ಟಾಮ್‌ಕ್ಯಾಟ್ 10ರಲ್ಲಿ 'ಜಾವಾಎಕ್ಸ್' ಪ್ಯಾಕೇಜ್‌ಗಳ ಹೆಸರು 'ಜಕಾರ್ತಾ' ಆಯಿತು, ಹಳೆಯ ಕೋಡ್ ಇದ್ದ ಹಾಗೆ ಓಡುವುದಿಲ್ಲ. ಎರಡು ಹೋಮ್ ಇಟ್ಟು ಹೋಟೆಲ್‌ನದನ್ನು 10ಕ್ಕೆ ಏರಿಸಿದೆ, ಸಂಘದ್ದು 9ರಲ್ಲೇ ಆರಾಮಾಗಿದೆ.

ಆದರೆ ಮೂರು ಜೆವಿಎಂ ಅಂದರೆ ಮೆಮೊರಿ ಜಾಸ್ತಿಯೇ ಬೇಕು. ಈಗ ಪುಣೆಯ ಒಬ್ಬರು ತಮ್ಮ ಆ್ಯಪ್ ಸೇರಿಸಿಕೊಳ್ಳಿ ಅಂತಿದ್ದಾರೆ. 8 ಜಿಬಿಗೆ ಏರಿಸಿದ ಮೇಲೆಯೇ ಅಂತ ಹೇಳಿದ್ದೇನೆ.