ಅಮೆರಿಕನ್ ಕಪ್ಪು ವಾಲ್‌ನಟ್ ಹಲಗೆ: ಕಾಸರಗೋಡಿನ ಮಳೆಗೆ ತಡೆಯುತ್ತದೆಯೇ?

ಬಳಕೆ: 90 ಸೆಂ.ಮೀ. ಅಗಲ, 25 ಮಿ.ಮೀ. ದಪ್ಪದ ಊಟದ ಮೇಜು ಮತ್ತು ಕೆಲವು ಡ್ರಾಯರ್. ಬದಿಯಡ್ಕ ಕಡೆಯ ಹಂಚಿನ ಮನೆ, ಎ.ಸಿ. ಇಲ್ಲ.

ಕೆಲಸಕ್ಕೆ ಇಷ್ಟು ಚೆನ್ನಾಗಿ ಒದಗುವ ಮರ ಕಡಿಮೆ. ತೂಕ ಘನ ಮೀಟರಿಗೆ 610 ಕಿಲೋ ಆಸುಪಾಸು, ತೇಗಕ್ಕಿಂತ ತುಸು ಹಗುರ. ತೇಗದಂತೆ ಉಳಿಯ ಬಾಯಿಯನ್ನು ಬೇಗ ಮೊಂಡು ಮಾಡುವುದಿಲ್ಲ. ಎಣ್ಣೆಯಂಶವಿಲ್ಲದ ಕಾರಣ ಫೆವಿಕಾಲ್ ಗಟ್ಟಿಯಾಗಿ ಹಿಡಿಯುತ್ತದೆ. ಗಂಟಿನ ಸುತ್ತ ಮಾತ್ರ ಕೀಸುಳಿ ಹಾಕಿದರೆ ಚಕ್ಕೆ ಏಳುತ್ತದೆ. ಅಲಗು ಮಸೆದು ತೀರಾ ತೆಳುವಾಗಿ ಕೀಸಬೇಕು.

ತಕರಾರು ಇರುವುದು ಹಿಗ್ಗುವ ವಿಷಯದಲ್ಲಿ. ಈ ಹಲಗೆಯನ್ನು ಶೇ. 6-8 ತೇವಕ್ಕೆ ಒಣಗಿಸಿ ಕಳಿಸುತ್ತಾರೆ. ಆಟಿಯ ಮಳೆಗೆ ಅದು ಶೇ. 8ರಿಂದ 14ಕ್ಕೆ ಏರಿತೆನ್ನಿ: ಚಪ್ಪಟೆ ಸೀಳಿದ (ಮರದ ಉಂಗುರಗಳು ಹಲಗೆಯ ಅಗಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿರುವ) 90 ಸೆಂ.ಮೀ. ಹಲಗೆ ಅಡ್ಡಕ್ಕೆ ಸುಮಾರು 15 ಮಿ.ಮೀ. ಹಿಗ್ಗುತ್ತದೆ. ತೇಗವಾದರೆ 10. ಚೌಕಟ್ಟಿಗೆ ಅಂಟು ಹಾಕಿ ಕೂರಿಸಿದರೆ ಹಲಗೆ ಬಾಗುತ್ತದೆ, ಬೇಸಿಗೆಯಲ್ಲಿ ಸೀಳುತ್ತದೆ. ನಡುವಿನ ಸ್ಕ್ರೂ ಬಿಗಿ ಇರಲಿ, ಅಂಚಿನ ತೂತುಗಳನ್ನು ಅಡ್ಡಕ್ಕೆ ಉದ್ದ ಮಾಡಿ ವಾಷರ್ ಹಾಕಿ. 20 ಸೆಂ.ಮೀ. ಎತ್ತರದ ಡ್ರಾಯರ್ ಮುಖಕ್ಕೆ 3-4 ಮಿ.ಮೀ. ಸಂದು ಬೇಕೇ ಬೇಕು. ಕೊಯ್ಯುವ ಮೊದಲು ನಡುವೆ ಪಟ್ಟಿ ಇಟ್ಟು ಕೆಲವು ವಾರ ಮನೆಯೊಳಗೇ ಪೇರಿಸಿಡಿ. ಆಚಾರಿ ಅವಸರ ಮಾಡಿದರೂ ಬಿಡಬೇಡಿ.

ಸಾದಾ ಕಬ್ಬಿಣದ ಸ್ಕ್ರೂ ಬೇಡ. ತೇವ ತಗುಲಿದರೆ ಮರದ ಟ್ಯಾನಿನ್ ಜೊತೆ ಸೇರಿ ಸುತ್ತ ಮಸಿಯಂಥ ಕಪ್ಪು ಕಲೆ ಬೀಳುತ್ತದೆ, ಎಷ್ಟು ಉಜ್ಜಿದರೂ ಆಳದಲ್ಲಿ ಉಳಿಯುತ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಹಾಕಿ.

ಹೊರಬದಿಯ ಬಿಳಿ ಭಾಗಕ್ಕೆ ಕುಟ್ಟೆ ಹಿಡಿಯುತ್ತದೆ. ಅದನ್ನು ಚೇಗಿನ (ಒಳಗಿನ ಗಟ್ಟಿ ಕಪ್ಪು ಭಾಗದ) ಬಣ್ಣಕ್ಕೆ ತರಲು ಹಬೆ ಕೊಟ್ಟಿರುತ್ತಾರೆ, ಆದ್ದರಿಂದ ಬಣ್ಣ ನೋಡಿ ಮೋಸಹೋಗಬೇಡಿ. ಕಡಿದ ತುದಿಯನ್ನು ಪರೀಕ್ಷಿಸಿ. ಘನ ಅಡಿ ಲೆಕ್ಕದಲ್ಲಿ ಬಿಳಿಗೂ ಚೇಗಿನ ರೇಟೇ ಹಾಕುತ್ತಾರೆ, ಚೌಕಾಶಿ ಮಾಡಬೇಕಾದ್ದು ಅಲ್ಲಿ.

ಬೀಟೆ ಹಳೆಯದಾದಷ್ಟು ಕಪ್ಪಾದರೆ ಇದು ತದ್ವಿರುದ್ಧ: ಬಿಸಿಲಿಗೆ ಜೇನಿನ ಬಣ್ಣಕ್ಕೆ ಇಳಿಯುತ್ತದೆ. ಕಿಟಕಿ ಪಕ್ಕದ ಮೇಜಿನ ಮೇಲೆ ಮ್ಯಾಟನ್ನು ಒಂದೇ ಜಾಗದಲ್ಲಿ ಬಿಟ್ಟರೆ ಅಚ್ಚು ಬೀಳುತ್ತದೆ. ಸ್ಯಾಂಡ್ ಪೇಪರ್ 120, 180, 220ಕ್ಕೆ ನಿಲ್ಲಿಸಿ, ಎಣ್ಣೆ ಪಾಲಿಶ್ ತೆಳುವಾಗಿ ಹಚ್ಚಿ, ಮಿಕ್ಕಿದ್ದನ್ನು ಒರೆಸಿ ತೆಗೆಯಿರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಹೊತ್ತಿಕೊಳ್ಳಬಹುದು.

ಬಾಗಿಲ ದಾರಂದಕ್ಕೆ, ಇರಚಲು ಬಡಿಯುವ ಕಿಟಕಿಗೆ ಇದನ್ನು ಹಾಕುವುದು ದುಡ್ಡು ದಂಡ. ಹಲಸು, ತೇಗ ಇರುವಾಗ ಯಾಕೆ? ಅಗಲದ ಕಪಾಟಿನ ಬಾಗಿಲಿಗೆ ಪ್ಲೈವುಡ್ ಮೇಲೆ ವಾಲ್‌ನಟ್ ವೆನಿಯರ್ ಸಾಕು. ಪದರ ಅರ್ಧ ಮಿ.ಮೀ. ಮಾತ್ರ, ಮೆಷಿನ್ ಸ್ಯಾಂಡರ್ ಇಟ್ಟರೆ ತೂತಾದೀತು, ಕೈಯಲ್ಲೇ ಉಜ್ಜಿ.